ತೋಟಾ ತುಂಬಿಕೊಳ್ಳೋದೋ, ಕೊಂಡುಕೊಳ್ಳೋದೋ?

(ಡೆನ್ವರ್ ಸುತ್ತಮುತ್ತಲಿನ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದುಡ್ಡಿನ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಮನೆಯಲ್ಲೇ ರೈಫಲ್ ತೋಟಾ ತುಂಬುತ್ತೇನೆ ಅಂದ ತಕ್ಷಣ ನಮ್ಮವರು ಕೇಳೋದು ಒಂದೇ ಪ್ರಶ್ನೆ: "ಎಷ್ಟು ಉಳಿಯುತ್ತೆ?"

ತೋಟಾದಲ್ಲಿ ಇರೋದು ನಾಲ್ಕೇ ಸಾಮಾನು. ಹಿತ್ತಾಳೆ ಕೇಸು, ಅದರ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಇಲ್ಲಿನ ಅಂಗಡಿಯಲ್ಲಿ ಕೇಪನ್ನು ಪ್ರೈಮರ್ ಅಂತ ಕೇಳಬೇಕು. ನಾನು ಮಲೆನಾಡಿನವನು, ನನ್ನ ಬಾಯಲ್ಲಿ ಕೇಪು ಅಂತಲೇ ಬರುತ್ತೆ. ಗುಂಡು ಹಾರಿದ ಮೇಲೆ ಈ ನಾಲ್ಕರಲ್ಲಿ ಮೂರು ಮುಗಿದುಹೋಗುತ್ತವೆ. ಉಳಿಯೋದು ಕೇಸು ಒಂದೇ. ಆದರೆ ನಾಲ್ಕರಲ್ಲಿ ದುಬಾರಿ ಸಾಮಾನು ಅದೇ. ಅದನ್ನು ಎಸೆಯದೆ ಮತ್ತೆ ಮತ್ತೆ ತುಂಬೋದೇ ಹ್ಯಾಂಡ್‌ಲೋಡಿಂಗ್.

.308 ವಿಂಚೆಸ್ಟರ್ ಅನ್ನುವ ರೈಫಲ್ ತೋಟಾವನ್ನೇ ತೆಗೆದುಕೊಳ್ಳಿ. ಸ್ಪರ್ಧೆ ದರ್ಜೆಯ ಗುಂಡು ಒಂದಕ್ಕೆ ಈಗ ಹೆಚ್ಚುಕಡಿಮೆ 45 ಸೆಂಟ್. ಕೇಪಿಗೆ 8 ಅಥವಾ 9 ಸೆಂಟ್. ಮದ್ದು ಪೌಂಡಿಗೆ 50 ಡಾಲರ್ ಅಂತಿಟ್ಟುಕೊಳ್ಳಿ. ಒಂದು ಪೌಂಡಿನಲ್ಲಿ ಸುಮಾರು 160 ತೋಟಾ ಆಗುತ್ತವೆ, ಅಂದರೆ ತೋಟಾಕ್ಕೆ 31 ಸೆಂಟ್. ಒಳ್ಳೆಯ ಹೊಸ ಕೇಸಿಗೆ ಒಂದು ಡಾಲರ್ ಕೊಟ್ಟು ಎಂಟು ಸಲ ಬಳಸಿದರೆ ಸಲಕ್ಕೆ 12 ಸೆಂಟ್. ಎಲ್ಲ ಕೂಡಿಸಿದರೆ ಒಂದು ಡಾಲರಿನ ಹತ್ತಿರ ಬಂತು. ಅಂಗಡಿಯಲ್ಲಿ ಇದೇ ದರ್ಜೆಯ ತೋಟಾ ಒಂದೂಮುಕ್ಕಾಲು, ಎರಡು ಡಾಲರ್. ಅರ್ಧಕ್ಕರ್ಧ ಉಳಿತಾಯ ಅಲ್ವಾ?

ಕಾಗದದ ಮೇಲೆ ಹೌದು. ಆದರೆ ಕೇಸನ್ನು ಒತ್ತುವ ಪ್ರೆಸ್ ಬೇಕು, ಅಳತೆಗೆ ತರುವ ಅಚ್ಚು, ಅಂದರೆ ಡೈ ಬೇಕು, ತಕ್ಕಡಿ ಬೇಕು, ಸೂಕ್ಷ್ಮ ಅಳತೆಗೆ ಕ್ಯಾಲಿಪರ್ ಬೇಕು. ಕೇಸಿನ ಉದ್ದ ಕತ್ತರಿಸೋಕೆ ಒಂದು ಯಂತ್ರ, ತೊಳೆಯೋಕೆ ಇನ್ನೊಂದು. ಸಾಧಾರಣ ದರ್ಜೆಯದ್ದೇ ತಂದರೂ ಏಳುನೂರು ಡಾಲರ್ ಹತ್ತಿರ ಹೋಗುತ್ತೆ. ಅದು ವಾಪಸ್ ಬರಬೇಕಾದರೆ ಎಂಟುನೂರು ತೋಟಾ ಹೊಡೆಯಬೇಕು. ಇಲ್ಲಿನ ಸಾಮಾನ್ಯ ಬೇಟೆಗಾರ ವರ್ಷಕ್ಕೆ ಹೊಡೆಯೋದು ಎರಡು ಡಬ್ಬಿ, ಅಂದರೆ ನಲವತ್ತು ತೋಟಾ. ಹಾಕಿದ ದುಡ್ಡು ಹುಟ್ಟೋಕೆ ಅವನಿಗೆ ಇಪ್ಪತ್ತು ವರ್ಷ ಬೇಕು. ಪಿಸ್ತೂಲಿನ 9 ಎಂಎಂ, ರೈಫಲಿನ .223ರಂಥ ಸಾಮಾನ್ಯ ತೋಟಾಗಳನ್ನಂತೂ ಕಾರ್ಖಾನೆಗಳು ಎಷ್ಟು ಅಗ್ಗಕ್ಕೆ ಮಾಡಿ ಸುರಿಯುತ್ತವೆ ಅಂದರೆ, ನಿಮ್ಮ ಸಂಜೆಯ ಸಮಯಕ್ಕೆ ಗಂಟೆಗೆ ಐದು ಡಾಲರ್ ಬೆಲೆ ಕಟ್ಟಿದರೂ ನಷ್ಟವೇ.

ಇನ್ನೊಂದು ಮಾತನ್ನು ತುಂಬುವವರೆಲ್ಲ ಒಪ್ಪುತ್ತಾರೆ, ಹೆಂಡತಿ ಮುಂದೆ ಮಾತ್ರ ಒಪ್ಪೋದಿಲ್ಲ. ತೋಟಾ ಅಗ್ಗವಾದರೆ ದುಡ್ಡು ಉಳಿಯೋದಿಲ್ಲ, ಈಡು ಜಾಸ್ತಿ ಆಗುತ್ತೆ. ಐವತ್ತು ಹೊಡೆಯುತ್ತಿದ್ದವನು ನೂರು ಹೊಡೆಯುತ್ತಾನೆ. ಖರ್ಚು ಮೊದಲಿನಷ್ಟೇ. ಅಭ್ಯಾಸ ಆಯಿತಲ್ಲ ಅಂದುಕೊಂಡರೆ ಅದು ಲಾಭವೇ. ಉಳಿತಾಯ ಅಂತ ಮಾತ್ರ ಅನ್ನಬೇಡಿ.

ಈ ಲೆಕ್ಕದಲ್ಲಿ ಯಾರೂ ಹೇಳದ ಒಂದು ಸಂಗತಿಯೂ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಸಿದ್ಧ ತೋಟಾದ ಮೇಲೆ 11% ಕೇಂದ್ರ ತೆರಿಗೆ ಇದೆ. ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತೆ. ಕಡವೆಯಂಥ ಎಲ್ಕ್, ಜಿಂಕೆ, ಕಾಡುಕೋಳಿಗಳ ಆವಾಸ ಉಳಿಸೋದಕ್ಕೆ, ಶೂಟಿಂಗ್ ರೇಂಜ್ ಕಟ್ಟೋದಕ್ಕೆ ಖರ್ಚಾಗುತ್ತೆ. ಬಿಡಿಬಿಡಿಯಾಗಿ ಕೊಳ್ಳುವ ಗುಂಡು, ಮದ್ದು, ಕೇಪು, ಕೇಸಿಗೆ ಆ ತೆರಿಗೆ ಇಲ್ಲ. ಅಂದರೆ ಮನೆಯಲ್ಲಿ ತುಂಬುವವನ ಉಳಿತಾಯದಲ್ಲಿ ಒಂದು ಪಾಲು ಕಾಡಿಗೆ ಸೇರಬೇಕಾದದ್ದು. ನಾನೂ ಅದೇ ಸಾಲಿನಲ್ಲಿ ನಿಂತವನು. ಕಾನೂನು ಪ್ರಕಾರ ತಪ್ಪೇನಿಲ್ಲ, ಆದರೂ ಲೆಕ್ಕ ಗೊತ್ತಿರಲಿ.

ಇನ್ನು ಗುರಿಯ ವಿಷಯ. "ಕೈಯಲ್ಲಿ ತುಂಬಿದ್ದು ಕಾರ್ಖಾನೆಯದಕ್ಕಿಂತ ನಿಖರ" ಅನ್ನುವ ಮಾತು ಇಲ್ಲಿನ ಪ್ರತಿ ರೇಂಜಿನಲ್ಲೂ ಕಿವಿಗೆ ಬೀಳುತ್ತೆ. ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಗುಣಮಟ್ಟ ತಪಾಸಣೆ. ಒಂದು ಬ್ಯಾಚಿನಿಂದ ಮೂರು ಬಿಡಿಭಾಗ ಎತ್ತಿ ಅಳೆದು "ಇಡೀ ಬ್ಯಾಚ್ ಚೆನ್ನಾಗಿದೆ" ಅಂತ ಸಹಿ ಹಾಕಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ. ಅದೇ ಎಂಜಿನಿಯರ್ ಶನಿವಾರ ರೇಂಜಿಗೆ ಹೋಗಿ ಮೂರು ಈಡು ಹೊಡೆದು, ಮೂರೂ ಹತ್ತಿರ ಹತ್ತಿರ ಬಿದ್ದರೆ, ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ತೋರಿಸುತ್ತಾನೆ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೂರು ಗಜ ದೂರದ ಕಾಗದಕ್ಕೆ ಮೂರು ಈಡು ಹೊಡೆದು, ಅತಿ ದೂರ ಇರುವ ಎರಡು ತೂತುಗಳ ನಡುವೆ ಅಳೆಯುತ್ತಾರೆ. ಅದಕ್ಕೆ ಗ್ರೂಪ್ ಅನ್ನುತ್ತಾರೆ. ನಿಮ್ಮ ರೈಫಲ್ಲಿಗೆ ಮೂರು ಈಡಿನ ಗ್ರೂಪ್ ಸರಾಸರಿ ಒಂದು ಇಂಚು ಬರುತ್ತದೆ ಅಂತಿಟ್ಟುಕೊಳ್ಳಿ. ತೋಟಾ ಬದಲಿಸಬೇಡಿ, ಏನೂ ಬದಲಿಸಬೇಡಿ, ಸುಮ್ನೆ ಮೂರು ಮೂರು ಹೊಡೆಯುತ್ತಾ ಹೋಗಿ. ಒಂದು ಕಾಗದದಲ್ಲಿ ಅರ್ಧ ಇಂಚು ಬರುತ್ತೆ, ಇನ್ನೊಂದರಲ್ಲಿ ಒಂದೂವರೆ. ಇದು ರೈಫಲಿನ ತಪ್ಪಲ್ಲ, ತೋಟಾದ ಗುಣವೂ ಅಲ್ಲ. ಮೂರೇ ಈಡಿನ ಅಳತೆ ಅಷ್ಟೊಂದು ಓಲಾಡುತ್ತೆ. ಅದೇ ರೈಫಲಿನಲ್ಲಿ ಹತ್ತು ಈಡು ಒಂದೇ ಕಾಗದಕ್ಕೆ ಹೊಡೆದರೆ ಸರಾಸರಿ ಗ್ರೂಪ್ ಸುಮಾರು 1.6 ಇಂಚು ಆಗುತ್ತೆ. ರೈಫಲ್ ಕೆಟ್ಟಿತು ಅಂತಲ್ಲ. ಅದು ಇದ್ದದ್ದೇ ಹಾಗೆ, ಈಗ ನಿಜ ಕಾಣಿಸಿತು ಅಷ್ಟೆ.

ಈಗ ಮನೆಯಲ್ಲಿ ತುಂಬುವವನು ಏನು ಮಾಡುತ್ತಾನೆ ನೋಡಿ. ಪುಸ್ತಕದಲ್ಲಿ ಕೊಟ್ಟಿರುವ ಮಿತಿಯೊಳಗೆ ಮದ್ದಿನ ತೂಕವನ್ನು ಸ್ವಲ್ಪ ಸ್ವಲ್ಪ ಏರಿಸುತ್ತಾ ಹತ್ತು ಬಗೆಯ ತೋಟಾ ಮಾಡುತ್ತಾನೆ, ಬಗೆಗೆ ಮೂರರಂತೆ. ಹತ್ತು ಕಾಗದ ಹೊಡೆಯುತ್ತಾನೆ. ಒಂದರಲ್ಲಿ ಗ್ರೂಪ್ ಅರ್ಧ ಇಂಚು ಬರುತ್ತೆ. "ಸಿಕ್ಕಿತು! ನನ್ನ ರೈಫಲ್ಲಿಗೆ ಇದೇ ಇಷ್ಟ" ಅಂತ ಡೈರಿಯಲ್ಲಿ ಬರೆದುಕೊಳ್ಳುತ್ತಾನೆ. ಹತ್ತರಲ್ಲೂ ಒಂದೇ ತೂಕದ ಮದ್ದು ಹಾಕಿದ್ದರೂ ಯಾವುದೋ ಒಂದು ಕಾಗದದಲ್ಲಿ ಅರ್ಧ ಇಂಚಿನ ಹತ್ತಿರ ಬರುತ್ತಲೇ ಇತ್ತು. ಮುಂದಿನ ವಾರ ಅದೇ ತೋಟಾ ಹೊಡೆದರೆ ಒಂದೂಕಾಲು ಇಂಚು. ಆಗ ಗಾಳಿ ಅನ್ನುತ್ತಾನೆ, ಬಿಸಿಲು ಅನ್ನುತ್ತಾನೆ, ಕೇಪಿನ ಲಾಟ್ ಬದಲಾಯಿತು ಅನ್ನುತ್ತಾನೆ. ಮತ್ತೆ ಹೊಸದಾಗಿ ಹತ್ತು ಬಗೆ. ಈ ಹುಡುಕಾಟದಲ್ಲೇ ಬ್ಯಾರೆಲ್ ಸವೆಸಿಕೊಂಡವರು ಇದ್ದಾರೆ.

ನಿಮ್ಮ ತೋಟಾ ಅಂಗಡಿಯದಕ್ಕಿಂತ ಮೇಲೋ ಅಲ್ಲವೋ ಅಂತ ತಿಳಿಯಬೇಕಾದರೆ ಎರಡನ್ನೂ ಒಂದೇ ದಿನ, ಒಂದೇ ಬೆಂಚಿನಿಂದ, ಇಪ್ಪತ್ತಿಪ್ಪತ್ತು ಹೊಡೆಯಿರಿ. ಇಪ್ಪತ್ತು ತೂತೂ ಲೆಕ್ಕಕ್ಕೆ ಬರಬೇಕು. "ಅದೊಂದು ನನ್ನ ಕೈ ಅಲುಗಿ ಹೋಯಿತು" ಅಂತ ಬಿಡೋ ಹಾಗಿಲ್ಲ. ಹೀಗೆ ಮಾಡಿದರೆ ಬಹಳ ಜನಕ್ಕೆ ಮುಖ ಸಣ್ಣದಾಗುತ್ತೆ.

ಯಾಕೆಂದರೆ ಅಷ್ಟರಲ್ಲಿ ಕಾರ್ಖಾನೆಯೂ ಸುಮ್ಮನೆ ಕೂತಿಲ್ಲ. ಹಳೆಯ ಕಾಲದಲ್ಲಿ ಸ್ಪರ್ಧೆಗೆ ತಕ್ಕ ತೋಟಾ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಕಡಿಮೆ. ಗುರಿಕಾರನಾಗಬೇಕಾದರೆ ತುಂಬೋದು ಕಲಿಯಲೇಬೇಕಿತ್ತು. ಈಗ ಸಿಯೆರಾ, ಹಾರ್ನಡಿ ಕಂಪನಿಗಳ ಸ್ಪರ್ಧೆ ದರ್ಜೆಯ ಗುಂಡುಗಳನ್ನೇ ಹಾಕಿ ಕಾರ್ಖಾನೆಯವರು ತೋಟಾ ಮಾಡುತ್ತಾರೆ. 6.5 ಕ್ರೀಡ್‌ಮೂರ್ ಅನ್ನುವ ತೋಟಾದ ಕಥೆ ಗೊತ್ತಿರಬಹುದು. 2007ರಲ್ಲಿ ನೆಬ್ರಾಸ್ಕಾದ ಹಾರ್ನಡಿ ಕಂಪನಿ ಅದನ್ನು ರೂಪಿಸಿದ್ದೇ ಡಬ್ಬಿಯಿಂದ ತೆಗೆದ ತೋಟಾದಲ್ಲಿ ಸ್ಪರ್ಧೆಗೆ ಇಳಿಯುವ ಹಾಗಿರಬೇಕು ಅಂತ. ತಮಾಷೆ ಏನು ಗೊತ್ತಾ? ಶುರುವಿನ ಡಬ್ಬಿಗಳ ಮೇಲೆ ಯಾವ ಮದ್ದು, ಯಾವ ಗುಂಡು ಅಂತ ಪೂರ್ತಿ ವಿವರ ಅಚ್ಚು ಹಾಕಿದ್ದರು. ಮನೆಯಲ್ಲಿ ತುಂಬುವವರೂ ಅದನ್ನೇ ನಕಲು ಮಾಡಿಕೊಳ್ಳಲಿ ಅಂತ. ಗುಟ್ಟೇ ಇಲ್ಲ ಅಂದಮೇಲೆ ಪೈಪೋಟಿ ಎಲ್ಲಿಂದ ಬರಬೇಕು!

ಬೇಟೆಯ ಮಟ್ಟಿಗಂತೂ ಈ ಚರ್ಚೆಯೇ ಅನಗತ್ಯ. ಜಿಂಕೆಯ ಎದೆಗೂಡಿನಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಎಂಟು ಇಂಚು ಅಗಲ. ನೂರು ಗಜಕ್ಕೆ ಒಂದೂವರೆ ಇಂಚು ಹರಡುವ ತೋಟಾ ಇನ್ನೂರು ಗಜಕ್ಕೆ ಮೂರು ಇಂಚು ಹರಡುತ್ತೆ. ಉಳಿದದ್ದು ನಿಮ್ಮ ಉಸಿರು, ನಿಮ್ಮ ಮೊಣಕೈ. ತೋಟಾದಲ್ಲಿ ಕಾಲು ಇಂಚು ಉಳಿಸೋಕೆ ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂರುವ ಬದಲು, ಅಂಗಡಿ ತೋಟಾ ತಂದು, ಮಂಡಿಯೂರಿ ಹೊಡೆಯೋದನ್ನು ಅಭ್ಯಾಸ ಮಾಡಿದರೆ ಎಲ್ಕ್ ಹೊಡೆಯುವವನಿಗೆ ಹೆಚ್ಚು ಉಪಕಾರ.

"ಹಾಗಾದರೆ ನೀವು ಯಾಕೆ ತುಂಬುತ್ತೀರಿ?" ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ.

ಒಂದು, ಸಾವಿರ ಗಜದ ಆಟ. ಅಷ್ಟು ದೂರಕ್ಕೆ ಹೋದಾಗ ಗುಂಡಿನ ವೇಗದ ಏರುಪೇರು ಎದ್ದು ಕಾಣುತ್ತೆ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 50 ಅಡಿ ನಿಧಾನ ಹೊರಟರೆ ನೂರು ಗಜದ ಕಾಗದದಲ್ಲಿ ಗೊತ್ತೇ ಆಗೋದಿಲ್ಲ. ಸಾವಿರ ಗಜದಲ್ಲಿ ಅದು ಒಂದು ಅಡಿಗಿಂತಲೂ ಹೆಚ್ಚು ಕೆಳಗೆ ಬೀಳುತ್ತೆ. ಎಫ್-ಕ್ಲಾಸ್ ಅನ್ನುವ ದೂರದ ಗುರಿ ಸ್ಪರ್ಧೆಯಲ್ಲಿ ಸಾವಿರ ಗಜದ ಗುರಿಹಲಗೆಯ ಒಳಗಿನ ಎಕ್ಸ್ ವೃತ್ತ ಐದೇ ಇಂಚು. ಅಲ್ಲಿ ಗೆಲ್ಲುವವರು ಈಗಲೂ ಕೈಯಲ್ಲೇ ತುಂಬುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ಮದ್ದು ತೂಗುವ ಅಳತೆ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿಯ ತೂಕದಲ್ಲಿ ಹೆಚ್ಚುಕಡಿಮೆ ಎರಡು ಗ್ರೇನ್ ಬರುತ್ತೆ. ಈ ಸ್ಪರ್ಧೆಯವರು ಒಂದು ಗ್ರೇನಿನ ಹತ್ತನೇ ಒಂದು ಭಾಗವನ್ನೂ ಬಿಡದೆ ತೂಗುತ್ತಾರೆ. ಮದ್ದು ಕಡ್ಡಿಕಡ್ಡಿಯಾಗಿರುತ್ತೆ. ಚಿಮಟದಲ್ಲಿ ಒಂದು ಕಡ್ಡಿ ಎತ್ತಿ ಹಾಕೋದು, ಒಂದು ತೆಗೆಯೋದು. ನೋಡೋಕೆ ಹುಚ್ಚು ಅನ್ನಿಸುತ್ತೆ. ನನಗೆ ಇಷ್ಟ.

ಎರಡು, ಅಂಗಡಿಯಲ್ಲಿ ಸಿಗದ ತೋಟಾ. ಕೈಯಲ್ಲಿ ತುಂಬೋದಕ್ಕೆ ಎಲ್ಲಕ್ಕಿಂತ ಗಟ್ಟಿ ಕಾರಣ ನನ್ನ ಪ್ರಕಾರ ಇದೇ. ಕೆನೆತ್ ಆಂಡರ್ಸನ್ ಹೆಸರು ಕೇಳದ ಕನ್ನಡಿಗರು ಕಡಿಮೆ. ಬೆಂಗಳೂರಿನ ಆ ಶಿಕಾರಿ ನಮ್ಮ ಕಾಡುಗಳಲ್ಲಿ ಹಿಡಿದು ಓಡಾಡಿದ್ದು ಅಮೆರಿಕದ ರೈಫಲ್, ವಿಂಚೆಸ್ಟರ್ 1895, .405 ತೋಟಾದ್ದು. ಆ ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೊರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗ ಒಯ್ದದ್ದೂ ಅದನ್ನೇ. ಆಮೇಲೆ ಬೇಡಿಕೆ ಇಳಿಯಿತು, ಕಾರ್ಖಾನೆ ಮಾಡೋದನ್ನು ನಿಲ್ಲಿಸಿತು. ರೈಫಲ್‌ಗಳು ಮಾತ್ರ ಗಟ್ಟಿಮುಟ್ಟಾಗಿ ಉಳಿದವು. ದಶಕಗಳ ಕಾಲ .405 ಹೊಡೆಯಬೇಕು ಅಂದವನು ಕೇಸು ಹೊಂದಿಸಿಕೊಂಡು ತಾನೇ ತುಂಬಿಕೊಳ್ಳಬೇಕಿತ್ತು. 2000ದ ನಂತರ ಹಾರ್ನಡಿ ಅದನ್ನು ಮತ್ತೆ ಮಾಡಿತು. ಹೀಗೆ ತೋಟಾ ಇಲ್ಲದೆ ಮೂಕಾದ ರೈಫಲ್‌ಗಳು ಅಮೆರಿಕದ ಅಟ್ಟಗಳಲ್ಲಿ ಎಷ್ಟೋ ಇವೆ. ಇಲ್ಲಿ ಅವಕ್ಕೆ ಬಾಯಿ ಬರಿಸಬಹುದು. ಊರಿನಲ್ಲಿ ಆಗೋದಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಇದಕ್ಕೇ ಸೇರಿದ ಇನ್ನೊಂದು ಕಾರಣ ಕ್ಯಾಲಿಫೋರ್ನಿಯದಲ್ಲಿದೆ. ಅಲ್ಲಿ 2019ರ ಜುಲೈ 1ರಿಂದ ಸೀಸದ ಗುಂಡಿನಲ್ಲಿ ಬೇಟೆಯಾಡುವಂತಿಲ್ಲ. ಕಾರಣ ಕಾಂಡೋರ್ ಅನ್ನುವ ದೊಡ್ಡ ರಣಹದ್ದು. ಬೇಟೆಗಾರ ಬಿಟ್ಟುಹೋದ ಕರುಳು, ಮಾಂಸದಲ್ಲಿ ಚೂರುಚೂರಾದ ಸೀಸ ಇರುತ್ತೆ, ಅದನ್ನು ತಿಂದು ಹದ್ದುಗಳು ಸಾಯುತ್ತಿದ್ದವು. ಆದ್ದರಿಂದ ತಾಮ್ರದ ಗುಂಡು. ಚಾಲ್ತಿಯಲ್ಲಿರುವ ತೋಟಾಗಳಲ್ಲಿ ತಾಮ್ರದ್ದು ಅಂಗಡಿಯಲ್ಲೇ ಸಿಗುತ್ತೆ. ಅಜ್ಜನ ಕಾಲದ ರೈಫಲ್ ಇಟ್ಟುಕೊಂಡವನಿಗೆ ಕಾರ್ಖಾನೆಯವರು ತಾಮ್ರದ್ದು ಮಾಡಿಕೊಡೋದಿಲ್ಲ. ಅವನು ತುಂಬಲೇಬೇಕು, ಇಲ್ಲವೇ ಗೋಡೆಗೆ ನೇತುಹಾಕಬೇಕು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬರಬೇಕಾದರೆ ಗುಂಡು ಉದ್ದವಾಗುತ್ತೆ, ಕೇಸಿನೊಳಗೆ ಜಾಸ್ತಿ ಜಾಗ ತಿನ್ನುತ್ತೆ. ಹಾಗಾಗಿ ಸೀಸದ ಗುಂಡಿನ ಲೆಕ್ಕವನ್ನು ತಾಮ್ರಕ್ಕೆ ಹಾಕೋ ಹಾಗಿಲ್ಲ, ಗುಂಡು ಮಾಡಿದ ಕಂಪನಿಯವರ ಕೋಷ್ಟಕವನ್ನೇ ನೋಡಬೇಕು.

ಮೂರನೆಯ ಕಾರಣ ಅಂತ ಎಲ್ಲರೂ ಹೇಳೋದು ಬರಗಾಲ. 2020ರಲ್ಲಿ ಅಂಗಡಿಗಳ ಕಪಾಟು ಖಾಲಿಯಾದದ್ದು ನೆನಪಿದೆ ತಾನೆ? ಕೋವಿಡ್ ಬಂತು, ಹೊಸದಾಗಿ ಬಂದೂಕು ಕೊಂಡವರು ಲಕ್ಷಗಟ್ಟಲೆ, ಆ ವರ್ಷವೇ ರೆಮಿಂಗ್ಟನ್ ಕಂಪನಿ ಎರಡನೇ ಸಲ ದಿವಾಳಿ ಅರ್ಜಿ ಹಾಕಿತು. "ಮನೆಯಲ್ಲಿ ತುಂಬುವವನಿಗೆ ಚಿಂತೆ ಇಲ್ಲ" ಅಂತ ಹೇಳಿಕೊಂಡು ತಿರುಗುತ್ತಿದ್ದವರೂ ಆಗ ಪೆಚ್ಚಾದರು. ಅದಕ್ಕೆ ಕಾರಣ ಈ ಚಿಕ್ಕ ಕೇಪು. ಕೇಸನ್ನು ಮತ್ತೆ ಬಳಸಬಹುದು, ಗುಂಡನ್ನು ಸೀಸ ಕರಗಿಸಿ ಎರಕ ಹೊಯ್ದುಕೊಳ್ಳಬಹುದು. ಕೇಪನ್ನು ಮನೆಯಲ್ಲಿ ಮಾಡೋಕಾಗಲ್ಲ, ಪ್ರಯತ್ನವನ್ನೂ ಮಾಡಬಾರದು. ಅದರೊಳಗಿನ ವಸ್ತು ತಟ್ಟಿದರೆ ಸಿಡಿಯುವಂಥದ್ದು. ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ಕೇಪು ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟು: ಐಡಾಹೊದಲ್ಲಿ ಸಿಸಿಐ, ಮಿನ್ನೆಸೋಟದಲ್ಲಿ ಫೆಡರಲ್, ಜೊತೆಗೆ ವಿಂಚೆಸ್ಟರ್, ರೆಮಿಂಗ್ಟನ್. ಇವರೆಲ್ಲ ತೋಟಾ ಮಾಡುವವರೂ ಹೌದು. ಕೊರತೆ ಬಂದಾಗ ಕೇಪು ಮೊದಲು ಅವರ ತೋಟಾಕ್ಕೆ ಹೋಗುತ್ತೆ, ಮಿಕ್ಕರೆ ನಮಗೆ. ಅದಕ್ಕೆ ಮೊದಲು ಸಾವಿರ ಕೇಪಿಗೆ 30-35 ಡಾಲರ್ ಇತ್ತು. ಆ ದಿನಗಳಲ್ಲಿ ಜನ ಅದರ ಹಲವು ಪಟ್ಟು ಕೊಟ್ಟರು, ಕೊಟ್ಟರೂ ಸಿಗಲಿಲ್ಲ. ಬೆಲೆ ಈಗಲೂ ಹಳೆಯ ಮಟ್ಟಕ್ಕೆ ಇಳಿದಿಲ್ಲ. ಕಾರ್ಖಾನೆಯ ಹಂಗು ಬೇಡ ಅಂತ ಹೊರಟವನು ಅದೇ ಕಾರ್ಖಾನೆಯ ಬಾಗಿಲಲ್ಲಿ ಇನ್ನೊಂದು ಸಾಲಿನಲ್ಲಿ ನಿಂತಿರುತ್ತಾನೆ, ಅಷ್ಟೇ ವ್ಯತ್ಯಾಸ.

ಕೇಪಿನ ಮಾತು ಬಂತಲ್ಲ, ಒಂದು ಹಳೆಯ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಈ ಹವ್ಯಾಸ ಇಷ್ಟು ಬೆಳೆದದ್ದಕ್ಕೂ ಯೂರೋಪಿನ ಬಹಳ ಕಡೆ ಬೆಳೆಯದೆ ಇದ್ದದ್ದಕ್ಕೂ ಕೇಪು ಕೂರುವ ಗುಳಿಯಿಂದ ಮದ್ದಿಗೆ ಕಿಡಿ ಹಾಯುವ ಒಂದು ತೂತು ದೊಡ್ಡ ಕಾರಣ. 1866ರ ಸುಮಾರಿಗೆ ಇಬ್ಬರು ಎರಡು ಬಗೆಯ ಕೇಪು ಮಾಡಿದರು. ಎಡ್ವರ್ಡ್ ಬಾಕ್ಸರ್ ಅನ್ನುವ ಇಂಗ್ಲಿಷ್ ಸೇನಾಧಿಕಾರಿಯ ವಿಧಾನದಲ್ಲಿ ಕೇಸಿನ ಬುಡದ ನಡುವೆ ಒಂದೇ ತೂತು. ಹೈರಮ್ ಬರ್ಡಾನ್ ಅನ್ನುವ ಅಮೆರಿಕನ್ನನ ವಿಧಾನದಲ್ಲಿ ನಡುವೆ ಒಂದು ಮೊನೆ, ಅದರ ಅಕ್ಕಪಕ್ಕ ಎರಡು ಸಣ್ಣ ತೂತು. ವಿಚಿತ್ರ ಅಂದರೆ ಇಂಗ್ಲಿಷಿನವನದ್ದನ್ನು ಅಮೆರಿಕ ಹಿಡಿಯಿತು, ಅಮೆರಿಕನ್ನನದ್ದನ್ನು ಯೂರೋಪ್ ಹಿಡಿಯಿತು. ನಡುವೆ ಒಂದೇ ತೂತಿದ್ದರೆ ಕೇಸಿನ ಬಾಯಿಂದ ಒಂದು ಕಡ್ಡಿ ಇಳಿಸಿ ಕುಟ್ಟಿದರೆ ಸುಟ್ಟ ಕೇಪು ಟಪ್ ಅಂತ ಹೊರಗೆ ಬೀಳುತ್ತೆ. ಬರ್ಡಾನ್ ಕೇಸಿನಲ್ಲಿ ಹಾಗೆ ಕುಟ್ಟೋಕಾಗಲ್ಲ, ಕೇಪನ್ನು ಹೊರಗಿನಿಂದ ಕಿತ್ತು ತೆಗೆಯಬೇಕು, ದೊಡ್ಡ ರಗಳೆ. 1870ರ ದಶಕದಲ್ಲಿ ಕ್ಯಾನ್ಸಸ್ ಬಯಲಿನಲ್ಲಿ ಕಾಡೆಮ್ಮೆ ಹೊಡೆಯುತ್ತಿದ್ದವರು ರಾತ್ರಿ ಬೆಂಕಿಯ ಪಕ್ಕ ಕೂತು ಸೀಸ ಕರಗಿಸಿ, ಕೇಸು ತುಂಬಿ, ಬೆಳಗ್ಗೆ ಮತ್ತೆ ಹೊರಡುತ್ತಿದ್ದರು. ಕೊನೆಗೆ ಬಯಲಿನಲ್ಲಿ ಕಾಡೆಮ್ಮೆಯೇ ಉಳಿಯಲಿಲ್ಲ, ಆ ಕಥೆ ಬೇರೆ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಮಿಕ್ಕಿದ್ದ 4895 ಅನ್ನುವ ಮದ್ದನ್ನು ಕ್ಯಾನ್ಸಸ್ಸಿನ ಬ್ರೂಸ್ ಹಾಜ್ಡನ್ ಸಗಟಾಗಿ ಕೊಂಡು ಅಗ್ಗಕ್ಕೆ ಮಾರಿದರು. ರೈಫಲ್ ಹಿಡಿದು ಅಭ್ಯಾಸವಾಗಿದ್ದ ಸೈನಿಕರು ಊರಿಗೆ ಮರಳಿದ್ದರು, ಮದ್ದು ಅಗ್ಗ, ಕೇಸು ಅಗ್ಗ. ಇವತ್ತಿನ ಈ ಹವ್ಯಾಸ ಮೈ ತುಂಬಿಕೊಂಡದ್ದು ಆಗ. ಪ್ರೆಸ್, ಡೈ ಮಾಡುವ ಆರ್‌ಸಿಬಿಎಸ್, ಗುಂಡು ಮಾಡುವ ಸಿಯೆರಾ, ಹಾರ್ನಡಿ ಎಲ್ಲ 1940ರ ದಶಕದ ಕೂಸುಗಳು.

ಇಲ್ಲಿ ಕೂತಿರುವ ಮಲೆನಾಡು, ಕೊಡಗಿನವರಿಗೆ ಇದೆಲ್ಲ ಹೊಸದೇನಲ್ಲ. ಬೆಳೆ ಕಾಯೋದಕ್ಕೆ ಲೈಸೆನ್ಸ್ ಇಟ್ಟುಕೊಂಡ ಕೇಪಿನ ಕೋವಿ ಮನೆಮನೆಯಲ್ಲೂ ಇತ್ತು. ಅದರ ಪ್ರತಿ ಈಡೂ ಕೈಯಲ್ಲಿ ತುಂಬಿದ್ದೇ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಅನ್ನುವ ಸಲಾಕೆಯಲ್ಲಿ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಇಡೋದು. ತೋಟಾ ಕೋವಿ ಇದ್ದವನು ಸ್ಥಿತಿವಂತ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಈಗಿನ ಆದೇಶ 2029ರವರೆಗೆ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಆದರೆ ಒಂದು ಮಾತು ಸ್ಪಷ್ಟ ಇರಲಿ. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸೋದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ಇಲ್ಲಿ ಕಲಿತದ್ದನ್ನು ಊರಿನ ತೋಟದ ಮನೆಯಲ್ಲಿ ತೋರಿಸೋಕೆ ಹೋಗಬೇಡಿ.

ಈಗ ಈ ಕೇಸನ್ನು ಒಂದು ಸುತ್ತು ಕೈಯಿಂದ ಕೈಗೆ ದಾಟಿಸಿ. ಕೇಪೂ ಇಲ್ಲ, ಮದ್ದೂ ಇಲ್ಲ, ಖಾಲಿ ಹಿತ್ತಾಳೆ. ಬುಡದಿಂದ ಸ್ವಲ್ಪ ಮೇಲೆ, ಕೂದಲೆಳೆಯಷ್ಟು ಸಣ್ಣ ಹೊಳೆಯುವ ಗೆರೆಯೊಂದು ಸುತ್ತ ಕಾಣುತ್ತದಾ? ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ, ಕಾಣುತ್ತೆ. .308ರಲ್ಲಿ ಗುಂಡು ಸಿಡಿಯುವಾಗ ಒಳಗಿನ ಒತ್ತಡಕ್ಕೆ ಇರುವ ಗರಿಷ್ಠ ಮಿತಿ ಚದರ ಇಂಚಿಗೆ 62,000 ಪೌಂಡ್. ಕೇಸಿನ ಗೋಡೆ ಹಿಗ್ಗಿ ಚೇಂಬರಿಗೆ, ಅಂದರೆ ರೈಫಲಿನಲ್ಲಿ ತೋಟಾ ಕೂರುವ ಗೂಡಿಗೆ ಅಂಟಿಕೊಳ್ಳುತ್ತೆ, ಬುಡ ಹಿಂದಕ್ಕೆ ಜಗ್ಗುತ್ತೆ. ಆಮೇಲೆ ನಾವು ಡೈನಲ್ಲಿ ಒತ್ತಿ ಅದನ್ನು ಮೊದಲಿನ ಅಳತೆಗೆ ತರುತ್ತೇವೆ. ಜಗ್ಗೋದು, ಒತ್ತೋದು, ಜಗ್ಗೋದು, ಒತ್ತೋದು. ಹಿತ್ತಾಳೆ ಆ ಜಾಗದಲ್ಲಿ ಒಳಗಿನಿಂದ ತೆಳುವಾಗುತ್ತಾ ಬರುತ್ತೆ. ಅದು ತಿಳಿಯೋಕೆ ದುಬಾರಿ ಸಾಧನ ಬೇಡ. ಆಫೀಸಿನ ಪೇಪರ್ ಕ್ಲಿಪ್ ಒಂದನ್ನು ನೇರ ಮಾಡಿ, ತುದಿಯನ್ನು ಚಿಕ್ಕ ಕೊಕ್ಕೆ ಹಾಗೆ ಬಗ್ಗಿಸಿ. ಕೇಸಿನ ಬಾಯಿಂದ ಬುಡದ ತನಕ ಇಳಿಸಿ, ಗೋಡೆಗೆ ತಾಗಿಸಿಕೊಂಡು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಒಳ್ಳೆಯ ಕೇಸಿನಲ್ಲಿ ನುಣ್ಣಗೆ ಬರುತ್ತೆ. ಇದರಲ್ಲಿ ಒಂದು ಕಡೆ ಕೊಕ್ಕೆ ತಡೆದು ನಿಲ್ಲುತ್ತೆ. ನಿಮ್ಮ ಬೆರಳಿಗೆ ಆ ಗುಳಿ ಗೊತ್ತಾಯಿತಾ? ಇನ್ನೊಂದು ಸಲ ತುಂಬಿದ್ದರೆ ಇದು ಅಲ್ಲೇ ಎರಡು ತುಂಡಾಗುತ್ತಿತ್ತು. ಬಿಸಿ ಗಾಳಿ ಹೊಡೆಯುವವನ ಮುಖದ ಕಡೆಗೆ ಬರುತ್ತಿತ್ತು. ಕನ್ನಡಕ ಹಾಕಿಕೊಳ್ಳಿ ಅಂತ ಬಡಿದುಕೊಳ್ಳೋದು ಇದಕ್ಕೇ.

ಅಂಗಡಿ ತೋಟಾ ಕೊಳ್ಳುವವನಿಗೆ ಈ ಯಾವ ತಲೆನೋವೂ ಇಲ್ಲ. ಅವನು ಪ್ರತಿ ಸಲವೂ ಹೊಸ ಕೇಸು ಹೊಡೆಯುತ್ತಾನೆ. ಕಾರ್ಖಾನೆಗೆ ಕೊಡುವ ಆ ಹೆಚ್ಚಿನ ಡಾಲರಿನಲ್ಲಿ ಒಂದು ಭಾಗ ಹೋಗೋದು ತಪಾಸಣೆಗೆ. ಒತ್ತಡ ಅಳೆಯುವ ಬ್ಯಾರೆಲ್ ಅವರ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ. ರೈಫಲಿನ ಹಿಂಬದಿ ಮುಚ್ಚುವ ಬೋಲ್ಟಿನ ಹಿಡಿ ಎತ್ತುವಾಗ ಬಿಗಿಯಾಯಿತಾ, ಕೇಪು ಚಪ್ಪಟೆಯಾಯಿತಾ ಅಂತ ನೋಡಿ ನಾವು ಊಹೆ ಮಾಡುತ್ತೇವೆ. ಆ ಗುರುತು ಕಾಣುವ ಹೊತ್ತಿಗೆ ಒತ್ತಡ ಆಗಲೇ ಮಿತಿ ದಾಟಿರಬಹುದು. ಅದಕ್ಕೇ ಮದ್ದಿನ ಕಂಪನಿ ಅಚ್ಚು ಹಾಕಿದ ಕೋಷ್ಟಕ ಬಿಟ್ಟು ಬೇರೆ ಯಾರ ಮಾತನ್ನೂ ನಂಬಬಾರದು. ರೇಂಜಿನಲ್ಲಿ ಸಿಕ್ಕಿದ ಸ್ನೇಹಿತ ಹೇಳಿದ ತೂಕ ಬೇಡ, ನಾನು ಹೇಳಿದ್ದೂ ಬೇಡ. ಕೆಳಗಿನ ಮಿತಿಯಿಂದಲೇ ಶುರು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಟಿವಿ ಬೇಡ, ಫೋನ್ ಬೇಡ, ಬಿಯರ್ ಅಂತೂ ಬೇಡವೇ ಬೇಡ.

ಕೈ ತೊಳೆಯೋದನ್ನು ಗಂಡಸರು ತಮಾಷೆ ಮಾಡುತ್ತಾರೆ. ಮಾಡಬೇಡಿ. ಬಹುತೇಕ ಕೇಪಿನೊಳಗೆ ಸೀಸದ ಸಂಯುಕ್ತ ಇರುತ್ತೆ. ಸುಟ್ಟ ಕೇಸಿನ ಧೂಳು, ಕೇಸು ತೊಳೆಯುವ ಯಂತ್ರದ ಧೂಳು, ಎಲ್ಲದರಲ್ಲೂ ಸೀಸ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅಡುಗೆಮನೆ ಮೇಜಿನ ಮೇಲೆ ಈ ಕೆಲಸ ಮಾಡುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತೆ.

ಇನ್ನು ಕೆಲವು ಪ್ರಶ್ನೆಗಳು ಉಳಿದಿವೆ.

"ಅಣ್ಣಾ, ನನ್ನದು ಎಚ್-1ಬಿ. ನಾನು ಶುರು ಮಾಡಬಹುದಾ?" ತಡೆಯಿರಿ. ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಂಥ ಕೆಲವು ಬಾಗಿಲುಗಳಿವೆ. ಆದರೆ ಕೇಪು, ಮದ್ದು, ಕೇಸು, ಗುಂಡು ಬಿಡಿಬಿಡಿಯಾಗಿದ್ದರೂ ಆ ಕಾನೂನಿನ ಅರ್ಥದಲ್ಲಿ ತೋಟಾವೇ. "ನಾನು ಬರೀ ಸಾಮಾನು ಇಟ್ಟುಕೊಂಡಿದ್ದೆ" ಅನ್ನುವ ಮಾತು ನಡೆಯೋದಿಲ್ಲ. ವಕೀಲರನ್ನು ಕೇಳದೆ ಒಂದು ಕೇಪನ್ನೂ ಮನೆಗೆ ತರಬೇಡಿ.

"ತುಂಬಿದ್ದನ್ನು ಗೆಳೆಯರಿಗೆ ಮಾರಬಹುದಾ?" ಇಲ್ಲ. ಸ್ವಂತಕ್ಕೆ ಮಾಡಿಕೊಳ್ಳೋಕೆ ಕೇಂದ್ರದ ಲೈಸೆನ್ಸ್ ಬೇಡ, ಮಾರುವ ವ್ಯಾಪಾರಕ್ಕೆ ಬೇಕು. ಲೈಸೆನ್ಸ್ ಮಾತು ಬಿಡಿ, ಪುಕ್ಕಟೆ ಕೊಡೋದೂ ಬೇಡ. ನಿಮ್ಮ ರೈಫಲಿಗೆ ತಕ್ಕಂತೆ ತುಂಬಿದ್ದು ಅವರ ರೈಫಲಿನಲ್ಲಿ ಹೇಗೆ ವರ್ತಿಸುತ್ತೋ. ಬೇರೆಯವರು ತುಂಬಿದ್ದನ್ನು ನಾನು ಹೊಡೆಯೋದಿಲ್ಲ, ಎಷ್ಟೇ ಹತ್ತಿರದವರಾದರೂ ಸರಿ. ಬಹಳ ಬಂದೂಕು ಕಂಪನಿಗಳು ಕೈಯಲ್ಲಿ ತುಂಬಿದ ತೋಟಾದಿಂದ ಹಾಳಾದರೆ ವಾರಂಟಿ ಇಲ್ಲ ಅಂತ ಪುಸ್ತಕದಲ್ಲೇ ಬರೆದಿರುತ್ತವೆ.

"ಮದ್ದು ಮನೆಯಲ್ಲಿಟ್ಟರೆ ಸ್ಫೋಟ ಆಗಲ್ವಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳಿದರು. ಈಗಿನ ಹೊಗೆರಹಿತ ಮದ್ದು ಬಯಲಲ್ಲಿ ಬುಸ್ ಅಂತ ಜೋರಾಗಿ ಉರಿಯುತ್ತೆ, ಬಿಗಿಯಾಗಿ ಮುಚ್ಚಿಟ್ಟಿದ್ದರೆ ಸಿಡಿಯುತ್ತೆ. ಆದ್ದರಿಂದ ಕಬ್ಬಿಣದ ಗಟ್ಟಿ ಪೆಟ್ಟಿಗೆಯಲ್ಲಿ ಬಿಗಿದು ಬೀಗ ಹಾಕಬಾರದು. ಅದು ಬಂದ ತೆಳು ಡಬ್ಬಿಯಲ್ಲೇ, ಮರದ ಕಪಾಟಿನಲ್ಲಿ, ಬಿಸಿ ತಾಗದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ಇಲ್ಲಿನ ಅಗ್ನಿ ಸುರಕ್ಷತಾ ನಿಯಮದಲ್ಲಿ ಮನೆಗೆ 20 ಪೌಂಡ್ ಮದ್ದು, 10,000 ಕೇಪು ಅಂತ ಮಿತಿ ಇದೆ. ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರಬಹುದು, ಕೇಳಿ ತಿಳಿದುಕೊಳ್ಳಿ.

ಕೊನೆಯ ಪ್ರಶ್ನೆ ಚೀಟಿಯಲ್ಲಿ ಬಂದಿದೆ: "ರೇಂಜಿಗೆ ಒಯ್ಯುವ ಬ್ಯಾಗನ್ನೇ ಬೆಂಗಳೂರಿಗೆ ಒಯ್ಯಬಹುದಾ?" ದಯವಿಟ್ಟು ಬೇಡ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಸ್ಕ್ಯಾನರಿನಲ್ಲಿ ಕಂಡು ವಿಮಾನ ನಿಲ್ದಾಣದಲ್ಲೇ ಪೊಲೀಸ್ ಕೇಸ್ ಆದವರು ಇದ್ದಾರೆ. ಮರೆತಿದ್ದೆ ಅಂತ ಕೋರ್ಟಿನಲ್ಲಿ ಹೇಳಬಹುದು, ನ್ಯಾಯವೂ ಸಿಗಬಹುದು. ಅಷ್ಟರಲ್ಲಿ ತಂಗಿಯ ಮದುವೆ ಮುಗಿದಿರುತ್ತೆ. ರೇಂಜಿನ ಬ್ಯಾಗ್ ಬೇರೆ, ಊರಿನ ಬ್ಯಾಗ್ ಬೇರೆ. ಒಂದೇ ಇದ್ದರೆ ನಾಳೆ ಇನ್ನೊಂದು ತನ್ನಿ.